ಕೆಂಪಿಯ ಪಾತ್ರ ಮಾಡಿದವರು

ನಾವು ಏಳನೇ ಕ್ಲಾಸಿನಲ್ಲಿದ್ದ ಆ ಕಾಲದಲ್ಲಿ ಶಾಲೆಯ ನಾಟಕವೆಂದರೆ ಅರ್ಧ ಊರಿನ ಕೆಲಸ. ರಾಣಿಗೆ ಉಡಿಸುವ ಸೀರೆ ಒಬ್ಬರ ಮನೆಯದು, ರಾಜನ ಪೇಟ ಇನ್ನೊಬ್ಬರ ಮದುವೆಯದು, ಮುಖಕ್ಕೆ ಬಳಿಯುವ ಪೌಡರು ಮೂರು ಮನೆಯಿಂದ ಕೂಡಿಸಿದ್ದು. ರಾಜ, ರಾಣಿ, ಮಂತ್ರಿ ಯಾವ ಪಾತ್ರ ಕೇಳಿದರೂ ಇಪ್ಪತ್ತು ಕೈ ಮೇಲೇಳುತ್ತಿದ್ದವು. ಹೊಟ್ಟೆಕಿಚ್ಚು ಪಡುವ ಪಾತ್ರಕ್ಕೆ ಮಾತ್ರ ಯಾರೂ ಕೈಯೆತ್ತುತ್ತಿರಲಿಲ್ಲ.

ಈಗ ನಾನು ಕೊಳ್ಳೇಗಾಲದ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಪಠ್ಯದಲ್ಲಿ ಬರುವ ನಾಟಕಗಳಲ್ಲಿ, ಕಥೆಗಳಲ್ಲಿ, ಇನ್ನೊಬ್ಬರ ಏಳಿಗೆ ಕಂಡು ಒಳಗೊಳಗೇ ಬೇಯುವವರು ಒಬ್ಬರಾದರೂ ಇದ್ದೇ ಇರುತ್ತಾರೆ. "ಇವರು ಯಾಕೆ ಮಿಸ್ ಹೀಗೆ?" ಎಂದು ಮಕ್ಕಳು ಕೇಳುತ್ತಾರೆ. ಪುಸ್ತಕದಲ್ಲಿ ಬರೆದಿರುವ ಕಾರಣಗಳನ್ನೆಲ್ಲ ಹೇಳಿ ಮುಗಿಸುತ್ತೇನೆ. ಆದರೆ ಹೇಳುವಷ್ಟು ಹೊತ್ತೂ ನನ್ನ ಕಣ್ಣ ಮುಂದೆ ಇರುವುದು ಧನಗೆರೆಯ ನಮ್ಮ ಮನೆಯ ಜಗಲಿ, ಮತ್ತು ಅಲ್ಲಿ ಕೂತ ಮಾದೇವಿ.

ಮಾದೇವಿ ನಮ್ಮ ದೊಡ್ಡವ್ವನ ಮಗಳು, ನನಗಿಂತ ಮೂರು ತಿಂಗಳಿಗೆ ದೊಡ್ಡವಳು. ಅವರದು ಲೊಕ್ಕನಹಳ್ಳಿಯಿಂದಾಚೆ, ಕಾಡಿನ ಅಂಚಿಗೆ ಹೊಲದಲ್ಲೇ ಕಟ್ಟಿದ ಮನೆ. ಶಾಲೆಗೆ ಹೋಗುವ ದಾರಿಯಲ್ಲಿ ಆ ವರ್ಷ ಹಗಲು ಹೊತ್ತಿನಲ್ಲೂ ಆನೆ ಕಾಣಿಸಿಕೊಳ್ಳತೊಡಗಿ, ಹುಡುಗಿಯನ್ನು ಒಬ್ಬಳನ್ನೇ ಕಳಿಸಲು ದೊಡ್ಡವ್ವನಿಗೆ ಧೈರ್ಯ ಸಾಲಲಿಲ್ಲ. "ನಮ್ಮನೇಲಿ ಇರ್ಲಿ ಬುಡಕ್ಕ. ಇಲ್ಲೇ ಏಳ್ನೇ ಕ್ಲಾಸು ಓದ್ಕತಾಳೆ. ನಮ್ ಸುದಾಗೂ ಜೊತೆ ಆಯ್ತದೆ" ಎಂದು ಅವ್ವ ಹೇಳಿಕಳಿಸಿದಳು. ಸುಧಾ ಎಂದರೆ ನಾನು. ಇಬ್ಬರು ಅಣ್ಣಂದಿರ ಹಿಂದೆ ಹುಟ್ಟಿದ ಒಬ್ಬಳೇ ಮಗಳು.

ಜೂನ್ ತಿಂಗಳಲ್ಲಿ ಒಂದು ತಗಡಿನ ಪೆಟ್ಟಿಗೆ ಹಿಡಿದು ಅವಳು ಬಂದಿಳಿದಾಗ ನನಗೆ ನಗು ತಡೆಯಲಾಗಲಿಲ್ಲ. ಬೆಟ್ಟದ ದೇವರಿಗೆ ಮುಡಿ ಕೊಟ್ಟು ಎರಡು ತಿಂಗಳಾಗಿತ್ತಷ್ಟೆ, ತಲೆಯ ಮೇಲೆ ಕೂದಲು ಬ್ರಶ್ಶಿನ ಹಾಗೆ ನಿಂತಿತ್ತು. "ನಗ್ಬೇಡ ಕಣಮ್ಮಿ, ಬೆಳೀತದೆ" ಎಂದಳು ಅವಳೂ ನಗುತ್ತ. ಮೊದಮೊದಲು ನಾವಿಬ್ಬರೂ ಒಂದೇ ತಟ್ಟೆಯಲ್ಲಿ ಮುದ್ದೆ ಮುರಿದುಕೊಂಡು ಉಂಡೆವು. ಅಳಗುಳಿಮಣೆಗೆ ಕೂತರೆ ಅವ್ವ ಕರೆದರೂ ಏಳುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಆಗ ರೇಷ್ಮೆ ಹುಳ ಸಾಕುತ್ತಿದ್ದರು. ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಗೋಡೆಗೆಲ್ಲ ಅಂಟಿರುತ್ತಿತ್ತು. ಹುಳಗಳು ಸೊಪ್ಪು ತಿನ್ನುವ ಸದ್ದಿಗೆ ಕಿವಿಗೊಟ್ಟು, "ಸೋನೆ ಮಳೆ ಬಂದಂಗದೆ" ಎಂದು ಮಾದೇವಿ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಅದೇ ಮನೆಯಲ್ಲಿ ಹುಟ್ಟಿ ಬೆಳೆದ ನನಗೆ ಅದು ಅದುವರೆಗೆ ಕೇಳಿಸಿಯೇ ಇರಲಿಲ್ಲ.

ಅವಳ ದನಿ ಬೇರೆಯೇ ಇತ್ತು. ತನ್ನ ಊರಿನಲ್ಲಿ ಜೋಳದ ಹೊಲಕ್ಕೆ ಗಿಳಿ ಎರಗದಂತೆ, ಹಂದಿ ನುಗ್ಗದಂತೆ ಅಟ್ಟಣೆಯ ಮೇಲೆ ನಿಂತು ಕೂಗಿ ಕೂಗಿ ಪಳಗಿದ ದನಿ. ಒಂದು ದಿನ ಕನ್ನಡ ಪಿರಿಯಡ್ಡಿನಲ್ಲಿ ಮೇಷ್ಟ್ರು ಅವಳಿಗೆ ಪದ್ಯ ಓದಲು ಹೇಳಿದರು. ಎರಡು ಸಾಲು ಓದಿದ್ದಳೋ ಇಲ್ಲವೋ, ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು ಅವಳತ್ತ ತಿರುಗಿದರು. ಪಕ್ಕದ ಕ್ಲಾಸಿನ ಗದ್ದಲವೂ ನಿಂತಿತು. ಅವಳು ಓದಿ ಕೂತಾಗ ನಾನು ಹೆಮ್ಮೆಯಿಂದ ಅವಳ ತೋಳು ತಟ್ಟಿದೆ. ಮೇಷ್ಟ್ರು, "ಇಂಥ ಗಂಟಲು ಈ ಶಾಲೇಲಿ ನಾನು ಕೇಳಿಲ್ಲ" ಎಂದರು. ತಟ್ಟುತ್ತಿದ್ದ ಕೈಯನ್ನು ತೆಗೆದುಬಿಟ್ಟೆ. ಯಾಕೆ ತೆಗೆದೆ ಎಂದು ಆಗ ನನಗೇ ಗೊತ್ತಾಗಲಿಲ್ಲ.

ಒಂದನೇ ಕ್ಲಾಸಿನಿಂದ ಆ ಶಾಲೆಯ ಪ್ರಾರ್ಥನೆ, ಸ್ವಾಗತಗೀತೆ, ನಾಟಕದ ನಾಯಕಿ ಎಲ್ಲವೂ ನಾನೇ ಆಗಿದ್ದೆ. ಸೊಂಟ ಮುಟ್ಟುವ ಜಡೆ ಬೇರೆ. ಅವ್ವ ದಿನಾ ಬೆಳಿಗ್ಗೆ ಜಗಲಿಯ ಮೇಲೆ ನನ್ನನ್ನು ಮುಂದೆ ಕೂರಿಸಿಕೊಂಡು, ಕೊಬ್ಬರಿ ಎಣ್ಣೆ ತಟ್ಟಿ, ಅರ್ಧ ಗಂಟೆ ಹೆಣೆದು ಕನಕಾಂಬರ ಮುಡಿಸುತ್ತಿದ್ದಳು. ಊರ ವಿಷಯವೆಲ್ಲ ಆಗಲೇ ಮಾತಾಡುತ್ತಿದ್ದಳು. ಮಾದೇವಿ ಆ ಹೊತ್ತಿನಲ್ಲಿ ಕಂಬಕ್ಕೆ ಒರಗಿ ಪುಸ್ತಕ ಹಿಡಿದು ಕೂತಿರುತ್ತಿದ್ದಳು.

ಕಾರ್ತಿಕದ ಚಳಿ ಶುರುವಾದಾಗ ಕೊಳ್ಳೇಗಾಲದಲ್ಲಿ ಶಾಲೆಗಳಿಗೆಲ್ಲ ನಾಟಕ ಸ್ಪರ್ಧೆ ಇದೆ ಎಂದು ಸುದ್ದಿ ಬಂತು. ಮೇಷ್ಟ್ರು ಯಳಂದೂರಿನವರು, ನಮ್ಮೂರಲ್ಲೇ ಒಂದು ರೂಮು ಮಾಡಿಕೊಂಡಿದ್ದರು. ನಾಟಕವನ್ನು ಅವರೇ ಬರೆದರು. ಕಥೆ ಇಷ್ಟು. ಅಕ್ಕ ಚೆಲುವಿ, ತಂಗಿ ಕೆಂಪಿ, ಇಬ್ಬರೂ ರೇಷ್ಮೆ ಸೀರೆ ನೇಯುವವರು. ರಾಣಿಗೆ ಸೀರೆ ನೇಯುವ ಕೆಲಸ ಅಕ್ಕನಿಗೆ ಸಿಗುತ್ತದೆ. ಹೊಟ್ಟೆಕಿಚ್ಚು ತಾಳಲಾರದೆ ತಂಗಿ ಮಗ್ಗದ ಮೇಲಿನ ನೂಲನ್ನೆಲ್ಲ ಕತ್ತರಿಸಿಬಿಡುತ್ತಾಳೆ. ಯಾರ ಕೆಲಸವೆಂದು ಅಕ್ಕನಿಗೆ ಗೊತ್ತಾಗುತ್ತದೆ. ಆದರೂ ಅವಳು ಯಾರಿಗೂ ಹೇಳದೆ ಒಂದೊಂದೇ ಎಳೆಗೆ ಗಂಟು ಹಾಕುತ್ತ ಕೂರುತ್ತಾಳೆ.

ಚೆಲುವಿಯ ಪಾತ್ರ ನನ್ನದೇ ಎಂದು ನಾನು ಯಾವ ಸೀರೆ ಉಡಬೇಕೆಂದು ಅವ್ವನ ಹತ್ತಿರ ಮಾತಾಡಿಯೂ ಆಗಿತ್ತು. ಮೇಷ್ಟ್ರು ಹಾಳೆ ನೋಡಿ ಓದಿದರು. "ಚೆಲುವಿ, ಮಾದೇವಿ. ಕೆಂಪಿ, ಸುಧಾ."

"ನಾನು ಕೆಂಪಿ ಆಗಾಕಿಲ್ಲ ಸಾ" ಎಂದೆ.

"ಯಾಕಮ್ಮ?"

"ಅವ್ಳು ಕೆಟ್ಟೋಳು ಸಾ."

ಮೇಷ್ಟ್ರು ನಕ್ಕರು. "ನೋಡು, ಒಳ್ಳೆಯವರು ನಾಟಕದಲ್ಲಿ ಸುಮ್ಮನೆ ಕೂತಿರ್ತಾರೆ. ಅವರನ್ನ ಎಬ್ಬಿಸಿ ಓಡಾಡಿಸೋದು ಹೊಟ್ಟೆಕಿಚ್ಚಿನವರು. ಕೆಂಪಿ ಇಲ್ಲದಿದ್ದರೆ ನಮಗೆ ಕಥೇನೇ ಇಲ್ಲ. ಅದಕ್ಕೇ ಅನುಭವ ಇರೋ ನಿನಗೆ ಕೊಟ್ಟಿದ್ದು."

ಅವರು ಹೇಳಿದ್ದು ಅಭಿನಯದ ಅನುಭವ. ಕ್ಲಾಸಿನ ಹುಡುಗರೆಲ್ಲ ಬೇರೆ ಅರ್ಥ ಮಾಡಿಕೊಂಡು ಕಿಸಕ್ಕೆಂದರು.

ದಿನಾ ಸಂಜೆ ಶಾಲೆಯ ಹಿಂದಿನ ಹೊಂಗೆ ಮರದಡಿ ಅಭ್ಯಾಸ ನಡೆಯಿತು. ನಾನು ಕಣ್ಣು ಕೆಕ್ಕರಿಸಿ, ಹಲ್ಲು ಕಡಿದು, ಕಿರುಚಿ ಮಾತು ಹೇಳುತ್ತಿದ್ದೆ. ಮೇಷ್ಟ್ರಿಗೆ ಸಮಾಧಾನವಿಲ್ಲ. "ನೀನು ಬೈತಾ ಇದ್ದೀಯಮ್ಮ. ಹೊಟ್ಟೆಕಿಚ್ಚು ಬೈಯಲ್ಲ, ನಗುತ್ತೆ. ಹತ್ತಿರ ಬಂದು ಕೂರುತ್ತೆ. ಊಟ ಆಯ್ತಾ ಅಂತ ಕೇಳುತ್ತೆ." ಮಾದೇವಿಗೆ ಒಂದು ದಿನವೂ ಅವರು ಏನೂ ತಿದ್ದಲಿಲ್ಲ. ಮನೆಗೆ ಬಂದರೆ ಅವ್ವನೂ, "ಎಲ್ಲಿ ಮಾದೇವಿ, ಆ ಗಂಟಾಕೋ ಮಾತು ಇನ್ನೊಂದ್ಸತಿ ಏಳವ್ವ" ಎಂದು ಕೇಳಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ತಟ್ಟೆಯ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ.

ಸ್ಪರ್ಧೆಗೆ ಐದು ದಿನವಿರುವಾಗ ಮೇಷ್ಟ್ರು ಎಲ್ಲರನ್ನೂ ಕೂರಿಸಿ ಎಚ್ಚರಿಕೆ ಹೇಳಿದರು. "ಶಾಲೆ ಮುಂದಿನ ಹುಣಸೆ ಮರದ ತುಂಬ ಕಾಯಿ ಇದೆ, ನನಗೆ ಗೊತ್ತು. ಯಾರೂ ಮುಟ್ಟಬೇಡಿ. ಅದನ್ನ ತಿಂದು ತಣ್ಣೀರು ಕುಡಿದರೆ ಗಂಟಲು ಹೋಯ್ತು ಅಂತಲೇ."

ಮರುದಿನ ನಾನು ಎಳೆ ಹುಣಸೆಕಾಯಿ ಕಿತ್ತು, ಉಪ್ಪು ಮೆಣಸಿನಕಾಯಿ ಜಜ್ಜಿ, ಮುತ್ತುಗದ ಎಲೆಯಲ್ಲಿ ಕಟ್ಟಿಕೊಂಡು ಮಾದೇವಿಯ ಹತ್ತಿರ ಬಂದು ಕೂತೆ. ಬೈಯಲಿಲ್ಲ, ನಕ್ಕೆ. ಪಾತ್ರ ನನಗೆ ಆಗ ಬಂದಿತ್ತು.

"ನಿಂಗೆ ಅಂತ ತಂದೆ ಕಣೇ. ತಿನ್ನು."

ಅವಳು ಎಲೆಯನ್ನು ನೋಡಿದಳು, ನನ್ನ ಮುಖ ನೋಡಿದಳು. "ನಂಗಾ? ನಂಗೆ ಅಂತಾನೇ ತಂದ್ಯಾ?"

"ಊ ಕಣೇ."

ಮೂರು ದಿನ ಹೀಗೇ ತಂದುಕೊಟ್ಟೆ. ತಿಂದಮೇಲೆ ಬಾವಿಯಿಂದ ಆಗಷ್ಟೇ ಸೇದಿದ ನೀರು ಕೊಟ್ಟೆ. ಅವಳು ಕಣ್ಣು ಕಿರಿದು ಮಾಡಿ, ಹುಳಿಗೆ ಭುಜ ಕುಣಿಸುತ್ತ ಒಂದೂ ಬಿಡದೆ ತಿಂದಳು.

ಸ್ಪರ್ಧೆಯ ಹಿಂದಿನ ದಿನ ಬೆಳಿಗ್ಗೆ ಅವಳು ಏಳಲೇ ಇಲ್ಲ. ಮೈ ಸುಡುತ್ತಿತ್ತು. ಬಾಯಿ ತೆರೆದರೆ ಉಸಿರು ಮಾತ್ರ ಹೊರಗೆ. ಅವ್ವ ಮೆಣಸು ಅರೆದು, ಅರಿಸಿನದ ಹಾಲು ಕಾಯಿಸಿ, ಉಪ್ಪುನೀರು ಮುಕ್ಕಳಿಸಲು ಕೊಟ್ಟಳು. "ಏನ್ ತಿಂದ್ಯವ್ವ? ನಿಜ ಏಳು" ಎಂದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಮಾದೇವಿ ನನ್ನ ಕಡೆ ನೋಡಿ, ತುಟಿಯಲ್ಲೇ, "ಏನೂ ಇಲ್ಲ ಚಿಕ್ಕವ್ವ, ತಣ್ಣೀರ್ ಮಿಂದೆ" ಎಂದಳು.

ಮೇಷ್ಟ್ರು ಮನೆಗೇ ಬಂದರು. ಅವಳ ಹಣೆ ಮುಟ್ಟಿ ನೋಡಿ, ಪಕ್ಕದಲ್ಲೇ ಕೂತರು. ಆಮೇಲೆ ನನ್ನನ್ನು ಕರೆದರು. "ಚೆಲುವಿಯ ಮಾತು ನಿನಗೆ ಬರುತ್ತೇನಮ್ಮ?"

"ಎಲ್ಲಾ ಬತ್ತದೆ ಸಾ." ದಿನಾ ಬಾಯಿಪಾಠ ಮಾಡಿಕೊಂಡಿದ್ದೆನಲ್ಲ.

"ಹಾಗಾದರೆ ನೀನು ಚೆಲುವಿ. ಮಾದೇವಿ, ನಾಳೆ ಜ್ವರ ಇಳಿದಿದ್ದರೆ ನೀನು ಕೆಂಪಿ. ಕೆಂಪಿಗೆ ಮಾತೇ ಬೇಡ. ಅವಳ ಮಾತನ್ನೆಲ್ಲ ಪಕ್ಕದ ಮನೆಯವಳ ಪಾತ್ರಕ್ಕೆ ಕೊಡ್ತೀನಿ. ನೀನು ಸುಮ್ಮನೆ ನೋಡ್ತಾ ಇರು, ಸಾಕು."

ಬೇಡಿದ್ದು ಸಿಕ್ಕಿತ್ತು. ಅವ್ವ ತನ್ನ ಹಸಿರು ರೇಷ್ಮೆ ಸೀರೆಯನ್ನು ನನಗೆ ಅಳತೆ ನೋಡಿ ಮಡಚಿಟ್ಟಳು. ಆದರೆ ಅವಳು ಮತ್ತೆ ಮತ್ತೆ ಎದ್ದು ಮಾದೇವಿಯ ಹಣೆ ಮುಟ್ಟಿ ಬರುತ್ತಿದ್ದಳು. ನನ್ನ ಸೀರೆಯ ಕಡೆ ಮನೆಯಲ್ಲಿ ಯಾರ ಗಮನವೂ ಇರಲಿಲ್ಲ.

ಮರುದಿನ ಜ್ವರ ಇಳಿದಿತ್ತು, ದನಿ ಬಂದಿರಲಿಲ್ಲ. ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಅವಳೂ ನಮ್ಮ ಜೊತೆ ಬಸ್ಸು ಹತ್ತಿದಳು. ಕೊಳ್ಳೇಗಾಲದ ಆ ಸಭಾಂಗಣದಲ್ಲಿ ಮಧ್ಯಾಹ್ನದ ಬಿಸಿಲು ಕಿಟಕಿಗಳಿಂದ ನೇರ ವೇದಿಕೆಯ ಮೇಲೆ ಬೀಳುತ್ತಿತ್ತು. ಕಿಕ್ಕಿರಿದ ಮಕ್ಕಳು, ಹಿಂದೆ ನಿಂತ ದೊಡ್ಡವರು. ನಮ್ಮ ಸರದಿ ಬಂತು. ಮರದ ಚೌಕಟ್ಟಿಗೆ ಬಿಳಿ ದಾರ ಬಿಗಿದು ಮಗ್ಗ ಮಾಡಿದ್ದೆವು. ನಾನು ಅದರ ಮುಂದೆ ಕೂತು ನನ್ನ ಮಾತು ಶುರು ಮಾಡಿದೆ.

ಮಾದೇವಿ ಮೂಲೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದಳು. ಅಷ್ಟೆ. ಕಣ್ಣು ಕೆಕ್ಕರಿಸಲಿಲ್ಲ, ಹಲ್ಲು ಕಡಿಯಲಿಲ್ಲ. ನನ್ನ ಕೈ ಮಗ್ಗದ ಮೇಲೆ ಆಡಿದ ಕಡೆಯೆಲ್ಲ ಅವಳ ಕಣ್ಣು ಆಡುತ್ತಿತ್ತು. ನಾನು ಅವಳತ್ತ ತಿರುಗಿದ ಕೂಡಲೇ ನಗುತ್ತಿದ್ದಳು. ನಾನು ಆಚೆ ತಿರುಗಿದಾಗ ಆ ನಗು ಹೇಗೆ ನಿಧಾನವಾಗಿ ಇಳಿದುಹೋಗುತ್ತಿತ್ತೆಂಬುದು ಎದುರಿಗಿದ್ದವರಿಗೆ ಕಾಣುತ್ತಿತ್ತು. ಗದ್ದಲದ ಸಭೆ ಮೆಲ್ಲಗೆ ಮೌನವಾಯಿತು. ಅವಳು ಎದ್ದು ಬಂದು ಕತ್ತರಿ ಹಾಕಿದಾಗ ಮೊದಲ ಸಾಲಿನಲ್ಲಿ ಯಾರೋ ಹೆಂಗಸು "ಅಯ್ಯೋ ಬ್ಯಾಡ ಕಣವ್ವ" ಎಂದುಬಿಟ್ಟಳು. ಕೆಟ್ಟವಳೆಂದು ಯಾರೂ ಅವಳನ್ನು ಬೈಯಲಿಲ್ಲ. ಅವಳು ತನ್ನ ಕೈಯನ್ನೇ ಕತ್ತರಿಸಿಕೊಳ್ಳುತ್ತಿದ್ದಾಳೆಂಬಂತೆ ಎಲ್ಲರೂ ನೋಡುತ್ತಿದ್ದರು.

ಆ ಮುಖ ನನ್ನದೆಂದು ನನಗೆ ಅನ್ನಿಸಿತು. ಐದು ತಿಂಗಳು ನಾನು ಅವಳನ್ನು ನೋಡಿದ್ದ ರೀತಿಯನ್ನೆಲ್ಲ ಇವಳು ನೋಡಿಟ್ಟುಕೊಂಡು, ಊರ ಮುಂದೆ ತೋರಿಸುತ್ತಿದ್ದಾಳೆ ಅನ್ನಿಸಿತು.

ಕೊನೆಯ ದೃಶ್ಯದಲ್ಲಿ ಚೆಲುವಿ ತಂಗಿಯ ಕೈ ಹಿಡಿದು, "ನೂಲು ಕಡಿದರೆ ಗಂಟು ಹಾಕಬಹುದು ಕೆಂಪಿ, ನೀನೇ ದೂರವಾದರೆ ಎಲ್ಲಿಂದ ತಂದು ಗಂಟು ಹಾಕಲಿ?" ಎನ್ನಬೇಕು. ನಾನು ಕೈ ಹಿಡಿದೆ. ಆ ಕೈ ಇನ್ನೂ ಬಿಸಿಯಾಗಿತ್ತು. ನೂರು ಸಲ ಹೇಳಿದ್ದ ಮಾತು, ಒಂದಕ್ಷರ ಬರಲಿಲ್ಲ. ಪರದೆಯ ಹಿಂದಿನಿಂದ ಮೇಷ್ಟ್ರು ಸಾಲು ಎತ್ತಿಕೊಡುತ್ತಿದ್ದರು, ಕೇಳುತ್ತಲೂ ಇತ್ತು. ನಾನು ಅಳತೊಡಗಿದೆ.

ಆಗ ಮಾದೇವಿ ಕಡಿದ ದಾರದ ಎರಡು ತುದಿಗಳನ್ನು ತಂದು ನನ್ನ ಬೆರಳಿನ ನಡುವೆ ಇಟ್ಟಳು. ಒಡೆದುಹೋದ ಆ ಗಂಟಲಿನಿಂದ, ಕೆರೆದಂತೆ, ಒಂದೇ ಮಾತು ಹೇಳಿದಳು. "ಗಂಟಾಕಕ್ಕ."

ನಾನು ಅಳುತ್ತಲೇ ಗಂಟು ಹಾಕಿದೆ. ಪರದೆ ಬಿತ್ತು. ಅಷ್ಟು ಚಪ್ಪಾಳೆಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ನಮಗೆ ಎರಡನೇ ಬಹುಮಾನ ಬಂತು. ತೀರ್ಪುಗಾರರೊಬ್ಬರು ಒಳಗೆ ಬಂದು, "ಆ ಮಾತಾಡದೇ ಇದ್ದ ಹುಡುಗಿ ಎಲ್ಲಿ?" ಎಂದು ಹುಡುಕಿ ಮಾದೇವಿಯ ಬೆನ್ನು ತಟ್ಟಿದರು. ಸುಳ್ಳು ಯಾಕೆ ಹೇಳಲಿ, ಅಷ್ಟೆಲ್ಲ ಆದಮೇಲೂ ನನ್ನೊಳಗೆ ಒಂದು ಚೂರು ಉರಿಯಿತು.

ಊರಿನಲ್ಲಿ ಬಸ್ಸಿಳಿದಾಗ ಇನ್ನೂ ಬೆಳಕಿತ್ತು. ಉಳಿದವರು ಮುಂದೆ ಓಡಿದರು. ನಾವಿಬ್ಬರೂ ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆದೆವು. ನಾನು ಅವಳ ಬೆನ್ನು ನೋಡುತ್ತ ಹೇಳಿದೆ. "ಉಣ್ಸೆಕಾಯಿ ನಾನ್ ಬೇಕಂತಾನೇ ತಂದ್ಕೊಟ್ಟೆ. ನಿನ್ ಗಂಟ್ಲು ಕಟ್ಲಿ ಅಂತ."

ಅವಳು ನಿಲ್ಲಲಿಲ್ಲ. ತಿರುಗಲೂ ಇಲ್ಲ. "ಗೊತ್ತು. ಮೇಷ್ಟ್ರು ಏಳ್ದಾಗ ನಾನೂ ಅಲ್ಲೇ ಕುಂತಿರ್ನಿಲ್ವಾ?"

"ಮತ್ಯಾಕ್ ತಿಂದೆ?"

ಅವಳು ಕೈಗೆ ಸಿಕ್ಕ ಒಂದು ಹಿಪ್ಪುನೇರಳೆ ಎಲೆ ಕಿತ್ತಳು. "ನಾನ್ ಬಂದಾಗಿಂದ ನೀನು ನಂಗೆ ಅಂತ ಏನಾರ ತಂದಿದ್ದು ಅದೇ ಮೊದ್ಲು. ಬ್ಯಾಡ ಅಂದ್ರೆ ಇನ್ ತರ್ತಿರ್ನಿಲ್ಲ." ಆಮೇಲೆ, "ಇಷ್ಟ್ ನೋಯ್ತದೆ ಅಂತ ಗೊತ್ತಿರ್ನಿಲ್ಲ ಬುಡು" ಎಂದಳು.

ನಾನು ಅಲ್ಲೇ ಬದುವಿನ ಮೇಲೆ ಕೂತುಬಿಟ್ಟೆ. ಅವಳು ಹಿಂದೆ ಬಂದು ಪಕ್ಕದಲ್ಲಿ ಕೂತಳು.

"ಅದ್ಕೇ ಇವತ್ತು ನನ್ ಥರ ಮಾಡಿ ತೋರಿಸ್ದ್ಯಾ ಎಲ್ರ ಮುಂದೆ?" ಎಂದೆ.

"ನಿನ್ ಥರಾನಾ?" ಅವಳಿಗೆ ನಿಜಕ್ಕೂ ಆಶ್ಚರ್ಯವಾಯಿತು. "ಇಲ್ಲ ಕಣಮ್ಮಿ. ಅದು ನಂದೇ."

"ನಿಂದಾ?"

"ಊ. ಬೆಳಿಗ್ಗೆ ಚಿಕ್ಕವ್ವ ನಿಂಗೆ ಜಡೆ ಆಕದಿಲ್ವಾ? ನಾನು ಕಂಬದ ತಾವ್ ಕುಂತು ನೋಡ್ತಿರ್ತೀನಿ. ದಿನಾ ಒಂದ್ಸತಿ ಅನ್ನಿಸ್ತದೆ, ಓಗಿ ಕತ್ರಿ ತಕಂಡ್ ಬಂದು ನಿನ್ ಜಡೆನ ಕಚಕ್ ಅನ್ಸ್ಬುಡನ ಅಂತ." ಹೇಳುತ್ತ ಹೇಳುತ್ತ ಅವಳು ತನ್ನ ಮೋಟು ಕೂದಲ ಮೇಲೆ ಕೈಯಾಡಿಸಿಕೊಂಡಳು. "ನಮ್ಮವ್ವ ಎಲ್ಲೋ ಅವ್ಳೆ. ನಂಗೆ ಆಕಕ್ಕೆ ಕೂದ್ಲೂ ಇಲ್ಲ."

ಪುಸ್ತಕ ಹಿಡಿದು ಕೂತವಳು ಪುಸ್ತಕ ಓದುತ್ತಿರಲಿಲ್ಲವೆಂದು ನನಗೆ ಅಂದು ತಿಳಿಯಿತು. ಇಬ್ಬರೂ ಅತ್ತೆವು. ಆಮೇಲೆ ಅವಳ ಕೆರೆದ ದನಿಗೆ ನಾನೂ, ನನ್ನ ಮುಖದ ಮೇಲೆ ಇಳಿದ ಪೌಡರಿಗೆ ಅವಳೂ ನಕ್ಕೆವು.

ಅವ್ವನಿಗೆ ಹುಣಸೆಕಾಯಿಯ ವಿಷಯ ನಾನೇ ಹೇಳಿದೆ. ಅವಳು ಹೊಡೆಯಲಿಲ್ಲ. ಒಲೆಯ ಮುಂದೆ ಸೌದೆ ಸರಿಸುತ್ತ, "ತಪ್ಪು ಅಂತ ಗೊತ್ತಾಯ್ತಲ್ಲ, ಈಗ ಏನ್ ಮಾಡೀಯೆ?" ಎಂದಳು. ಮರುದಿನ ಬೆಳಿಗ್ಗೆ ಅವ್ವ ಎಣ್ಣೆ ಬಟ್ಟಲು ಹಿಡಿದು ಜಗಲಿಗೆ ಬಂದಾಗ ನಾನು ಮಾದೇವಿಯ ಕೈ ಹಿಡಿದೆಳೆದು ಅವಳ ಮುಂದೆ ಕೂರಿಸಿದೆ. "ಮೊದ್ಲು ಇವ್ಳಿಗಾಕು" ಎಂದೆ. ಹೆಗಲು ಮುಟ್ಟದ ಆ ಕೂದಲಿಗೆ ಅವ್ವ ಎಣ್ಣೆ ತಟ್ಟಿ, ಎರಡು ಕಡೆ ಬೆರಳುದ್ದದ ಜುಟ್ಟು ಕಟ್ಟಿ, ನನ್ನ ಕೆಂಪು ರಿಬ್ಬನ್ನು ಬಿಗಿದಳು. ಮೊಲದ ಕಿವಿಯ ಹಾಗೆ ಕಾಣುತ್ತಿತ್ತು. ನಾನು ಕಂಬಕ್ಕೆ ಒರಗಿ ನನ್ನ ಸರದಿಗೆ ಕಾದೆ. ಕಾಯುವುದು ಕಷ್ಟವಾಯಿತು. ಆದರೂ ಏಪ್ರಿಲ್ ತನಕ ದಿನಾ ಕಾದೆ.

ಪರೀಕ್ಷೆ ಮುಗಿದ ಮೇಲೆ ದೊಡ್ಡಪ್ಪ ಬಂದು ಅವಳನ್ನು ಕರೆದುಕೊಂಡು ಹೋದರು. ಅವರ ಕಡೆಗೆ ಬಸ್ಸು ಬಂದು, ಹೈಸ್ಕೂಲನ್ನು ಅವಳು ಹನೂರಿನಲ್ಲಿ ಓದಿದಳು. ನಾನು ಮೈಸೂರಿಗೆ ಹೋಗಿ ಎಂ.ಎ. ಮಾಡಿದೆ. ಅವಳನ್ನು ಬಂಡಳ್ಳಿಗೆ ಮದುವೆ ಮಾಡಿಕೊಟ್ಟರು. ಮದುವೆ, ನಾಮಕರಣಗಳಲ್ಲಿ ಸಿಗುತ್ತಿದ್ದೆವು, ಪಂಕ್ತಿಯ ಗದ್ದಲದಲ್ಲಿ ಎರಡು ಮಾತಾಡಿ ಬರುತ್ತಿದ್ದೆವು.

ಹೋದ ವರ್ಷ ಅವಳ ಹೊಸ ಮನೆಯ ಗೃಹಪ್ರವೇಶಕ್ಕೆ ಬಂಡಳ್ಳಿಗೆ ಹೋಗಿದ್ದೆ. ಹಿತ್ತಲಲ್ಲಿ ಹಸುಗಳು, ಅಂಗಳದಲ್ಲಿ ಒಣಹಾಕಿದ ಅರಿಸಿನ, ಅವಳದೇ ದನಿಯಲ್ಲಿ ಕೂಗಾಡುವ ಮಗಳು. ಎಲ್ಲ ಚೆನ್ನಾಗಿತ್ತು. ಬಾಗಿಲಿಗೆ ಬಂದು ಅವಳು, "ಬನ್ನಿ ಬನ್ನಿ, ಒಳೀಕ್ ಬನ್ನಿ, ಕುರ್ಚಿ ಮ್ಯಾಲ್ ಕೂತ್ಕಳಿ" ಎಂದಳು. ನನ್ನ ಹಿಂದೆ ಯಾರೋ ಹಿರಿಯರು ಬಂದಿರಬೇಕೆಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ.

"ನಮ್ ತಂಗಿ, ಕಾಲೇಜಲ್ಲಿ ಮೇಡಮ್ಮು" ಎಂದು ನೆಂಟರಿಗೆಲ್ಲ ಪರಿಚಯ ಮಾಡಿಸಿದಳು. ನನಗೆ ಬೇರೆ ಲೋಟದಲ್ಲಿ ಕಾಫಿ, ಬಾಟಲಿ ನೀರು. ಅವಳ ಮನೆಯನ್ನು ನಾನು ಹೊಗಳಿದೆ, ನನ್ನ ಕೆಲಸವನ್ನು ಅವಳು ಹೊಗಳಿದಳು. ಇಬ್ಬರ ಮಾತೂ ಮನಸ್ಸಿನಿಂದಲೇ ಬಂದಿದ್ದು. ಅವಳಲ್ಲಿರುವ ಯಾವುದೂ ನನಗೆ ಬೇಕೆನ್ನಿಸಲಿಲ್ಲ, ನನ್ನಲ್ಲಿರುವ ಯಾವುದೂ ಅವಳಿಗೆ ಬೇಕಿರಲಿಲ್ಲ. ನಾವಿಬ್ಬರೂ ಒಳ್ಳೆಯ ಹೆಂಗಸರಾಗಿಬಿಟ್ಟಿದ್ದೆವು. ಒಬ್ಬರ ಮುಖವನ್ನು ಇನ್ನೊಬ್ಬರು ಅಷ್ಟು ದಿಟ್ಟಿಸಿ ನೋಡುವ ಅಗತ್ಯ ಯಾರಿಗೂ ಉಳಿದಿರಲಿಲ್ಲ.

ಬಸ್ಸಿಗೆ ಬಿಡಲು ಅವಳೇ ಬಂದಳು. ಸ್ಟ್ಯಾಂಡಿನಲ್ಲಿ ನಿಂತಾಗ ತಡೆಯಲಾಗದೆ ಕೇಳಿದೆ. "ನೀನು ನಂಗಿಂತ ದೊಡ್ಡೋಳು ಕಣೇ. ಒಂದ್ಸತಿ ನನ್ನ ನೀನು ಅನ್ನು."

ಅವಳು ನಕ್ಕಳು. ನನ್ನನ್ನೇ ನೋಡಿದಳು. "ನೀ..." ಎಂದು ಶುರು ಮಾಡಿ, ಸೆರಗನ್ನು ಬಾಯಿಗಿಟ್ಟುಕೊಂಡಳು. "ಬಾಯಿಗ್ ಬರಾಕಿಲ್ಲ ಕಣ್ರಿ."

ಬಸ್ಸು ಬಂತು. ನಾನು ಹತ್ತಿ ಕೂತ ಮೇಲೆ ಅವಳು ಅರಿಸಿನದ ಚೀಲವನ್ನು ಕಿಟಕಿಯಿಂದ ನನ್ನ ಮಡಿಲಿಗೆ ಇಟ್ಟು, "ಉಷಾರಾಗಿ ಓಗಿ" ಎಂದಳು.